ಗೇಟಿನೊಳಗೆ ಉಳಿದ ಕುರ್ಚಿ

ನಮ್ಮ ಮನೆಯ ಹಿತ್ತಲ ಬಾಗಿಲ ಬಳಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಇತ್ತು ಅಷ್ಟೇ, ನಮ್ಮದಾಗಿರಲಿಲ್ಲ. ಅದರ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ‘ಗ್ರಾ.ಪಂ. ಕಲ್ಲುಬಾವಿ’ ಎಂದು ಬರೆದಿತ್ತು. ಯಾವುದೋ ಸಮಾರಂಭದಲ್ಲಿ ಅಡುಗೆ ಒಲೆಯ ಪಕ್ಕ ಇಟ್ಟಿದ್ದರಿಂದ ಹಿಂದಿನ ಒಂದು ಕಾಲು ಕರಗಿ ಗಿಡ್ಡವಾಗಿತ್ತು. ಹಾಗಾಗಿ ಕೂತ ತಕ್ಷಣ ಒಮ್ಮೆ ಹಿಂದಕ್ಕೆ ವಾಲಿ, ‘ಟಕ್’ ಎಂದು ಸದ್ದು ಮಾಡಿ, ಆಮೇಲೆ ನಮ್ಮನ್ನು ಒಪ್ಪಿಕೊಳ್ಳುತ್ತಿತ್ತು. ನನ್ನ ಹೆಂಡತಿ ಪಾರ್ವತಿ ತೀರಿಹೋದ ಮೇಲೆ ನಾನು ಹೆಚ್ಚು ಹೊತ್ತು ಕಳೆದದ್ದು ಅದರ ಮೇಲೆಯೇ.

ನಿಮ್ಮೂರಲ್ಲಿ ಸಾವಿನ ಮನೆಯ ವಿಷಯ ಹೇಗೆ ವಿಚಾರಿಸುತ್ತಾರೋ ಗೊತ್ತಿಲ್ಲ. ನಮ್ಮೂರಲ್ಲಿ ‘ಕುರ್ಚಿ ಹೋಯ್ತಾ?’ ಎನ್ನುತ್ತಾರೆ. ಕುರ್ಚಿ ಹೋಯಿತು ಎಂದರೆ ಆ ಮನೆಯವರು ಎದ್ದು ಓಡಾಡುತ್ತಿದ್ದಾರೆ, ಅವರ ಹತ್ತಿರ ಅಡಿಕೆ ರೇಟಿನ ಬಗ್ಗೆ ಮಾತಾಡಬಹುದು, ತಮಾಷೆಯನ್ನೂ ಮಾಡಬಹುದು ಎಂದರ್ಥ. ಹೋಗಿಲ್ಲ ಎಂದರೆ ಚಪ್ಪಲಿ ಸದ್ದು ಮಾಡದೆ ನಡೆಯಬೇಕು. ಈ ಪದ್ಧತಿ ಹುಟ್ಟಿದ್ದು ಪಾರ್ವತಿಯಿಂದ. ಅದನ್ನು ಹೇಳಬೇಕಾದರೆ ಊರಿನ ಇತಿಹಾಸವನ್ನು ಸ್ವಲ್ಪ ಹೇಳಬೇಕಾಗುತ್ತದೆ. ಹೆದರಬೇಡಿ, ನಮ್ಮ ಇತಿಹಾಸ ಚಿಕ್ಕದು.

ನಮ್ಮೂರು ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಶಿವಮೊಗ್ಗದವರು ನಮ್ಮನ್ನು ಭದ್ರಾವತಿ ಕಡೆಯವರು ಎನ್ನುತ್ತಾರೆ, ಭದ್ರಾವತಿಯವರು ಶಿವಮೊಗ್ಗದ ಕಡೆಯವರು ಎನ್ನುತ್ತಾರೆ. ಹೀಗೆ ಇಬ್ಬರೂ ಬೇಡವೆಂದ ಊರನ್ನು ಆಳಲು ಒಂದು ಪಂಚಾಯಿತಿ ಇದೆ. ಊರಿಗೆ ಹೆಸರು ಕೊಟ್ಟ ಕಲ್ಲುಬಾವಿ ಮಾತ್ರ ಈಗಿಲ್ಲ. ಅದನ್ನು ಮುಚ್ಚಿ, ಅದರ ಮೇಲೆಯೇ ಪಂಚಾಯಿತಿ ಕಟ್ಟಡ ಕಟ್ಟಿದ್ದೇವೆ. ಕುಡಿಯುವ ನೀರಿನ ಸಮಸ್ಯೆಯನ್ನು ಚರ್ಚಿಸಲು ಜಾಗ ಬೇಕಿತ್ತು.

ಎಲ್ಲ ಊರಿನವರಂತೆ ನಾವೂ ಪಾಂಡವರು ಇಲ್ಲಿ ಒಂದು ರಾತ್ರಿ ತಂಗಿದ್ದರು ಎಂದು ಹೇಳಿಕೊಳ್ಳುತ್ತೇವೆ. ಒಂದೇ ರಾತ್ರಿ ಯಾಕೆ, ಬೆಳಿಗ್ಗೆಯೇ ಯಾಕೆ ಹೊರಟುಹೋದರು ಎಂದು ಯಾರೂ ಕೇಳುವುದಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಶಾಸನ ಓದಲು ಬಾರದು. ನನಗೆ ತಿಳಿದ ಮಟ್ಟಿಗೆ ನಮ್ಮೂರಿನ ಆಡಳಿತದ ಇತಿಹಾಸವೆಂದರೆ ಯಾರು ಎಲ್ಲಿ ಕೂತರು ಎಂಬುದರ ಇತಿಹಾಸ.

ಅಜ್ಜನ ಕಾಲದಲ್ಲಿ ಚಾವಡಿಯಿತ್ತು. ಪಟೇಲರು ಜಮಖಾನದ ಮೇಲೆ, ಉಳಿದವರು ಬರೀ ನೆಲದ ಮೇಲೆ, ಇನ್ನು ಕೆಲವರು ಜಗುಲಿಯಿಂದಾಚೆ ಬಿಸಿಲಿನಲ್ಲಿ. ಬಿಸಿಲಿನಲ್ಲಿದ್ದವರನ್ನು ಯಾಕೆ ಅಲ್ಲಿದ್ದೀರಿ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಹುಡುಗನಾಗಿದ್ದಾಗ ಪಂಚಾಯಿತಿಗೆ ಒಂದು ಬೆಂಚೂ ಒಂದು ಮರದ ಕುರ್ಚಿಯೂ ಬಂದವು. ಕುರ್ಚಿಯನ್ನು ಆಫೀಸಿನಲ್ಲಿ ಬಿಟ್ಟರೆ ಗೆದ್ದಲು ಹಿಡಿಯುತ್ತದೆಂದು ಛೇರ್ಮನ್ನರು ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಮೀಟಿಂಗಿನ ದಿನ ಆಳೊಬ್ಬ ಅದನ್ನು ತಲೆಯ ಮೇಲೆ ಹೊತ್ತು ಬೀದಿಯಲ್ಲಿ ನಡೆಯುತ್ತಿದ್ದ, ಹಿಂದೆ ಛೇರ್ಮನ್ನರು ನಡೆಯುತ್ತಿದ್ದರು. ದೂರದಿಂದ ನೋಡಿದರೆ ಕುರ್ಚಿಯೇ ಅವರನ್ನು ಕರೆದುಕೊಂಡು ಹೋಗುತ್ತಿರುವಂತೆ ಕಾಣುತ್ತಿತ್ತು. ಗೋಲಿ ಆಡುತ್ತಿದ್ದ ನಾವು ಆಟ ನಿಲ್ಲಿಸಿ ಹಿಂಬಾಲಿಸುತ್ತಿದ್ದೆವು. ಒಮ್ಮೆ ಸಭೆ ಮುಗಿದ ಮೇಲೆ ಯಾರೂ ಇಲ್ಲದ್ದು ನೋಡಿ ನಾನು ಅದರ ಮೇಲೆ ಕೂತೆ. ತಗಣೆ ಕಚ್ಚಿತು. ರಾಜಕೀಯದಲ್ಲಿ ನನಗಾದ ಅನುಭವ ಅದೊಂದೇ.

ಆ ಕಾಲದ ಸಭೆಗಳಲ್ಲಿ ಮೇಲಿನ ಕೇರಿಯ ಚರಂಡಿಯ ವಿಷಯ ಬರುತ್ತಿದ್ದುದು ನನಗೆ ನೆನಪಿದೆ. ‘ಮುಂದಿನ ಸಭೆಗೆ ಮುಂದೂಡಲಾಗಿದೆ’ ಎಂದು ಓದುತ್ತಿದ್ದರು. ನಮ್ಮ ಪಂಚಾಯಿತಿಯಲ್ಲಿ ಮುಂದೂಡಿದ ವಿಷಯ ತವರಿಗೆ ಹೋದ ಮುನಿಸಿನ ಹೆಂಡತಿಯಂತಲ್ಲ, ಎಂದೂ ತಿರುಗಿ ಬರುವುದಿಲ್ಲ. ಆ ಚರಂಡಿ ಇಂದಿಗೂ ಮುಂದೆ ಮುಂದೆ ಹೋಗುತ್ತಲೇ ಇದೆ, ನೀರು ಮಾತ್ರ ಅಲ್ಲೇ ನಿಂತಿದೆ.

ಅಧ್ಯಕ್ಷ ಸ್ಥಾನ ಮಹಿಳೆಯರಿಗೆ ಮೀಸಲಾದಾಗ ಊರಿನ ಗಂಡಸರೆಲ್ಲ ತಮ್ಮ ಮನೆಯಲ್ಲೇ ಅಷ್ಟು ಯೋಗ್ಯ ಮಹಿಳೆಯರಿದ್ದಾರೆಂದು ಒಮ್ಮೆಲೇ ಕಂಡುಕೊಂಡರು. ಗುದ್ದಾಟ ಜೋರಾಯಿತು. ಕೊನೆಗೆ ಗುದ್ದಾಡುತ್ತಿದ್ದ ಇಬ್ಬರು ಬಲಾಢ್ಯರೂ, ‘ಗಂಡ ಬಾಯಿ ಬಿಡದವನು, ಹೆಂಡತಿ ಹೇಗಾದರೂ ಇರಲಿ’ ಎಂದು ಲೆಕ್ಕ ಹಾಕಿ, ಸದಸ್ಯೆಯಾಗಿದ್ದ ಪಾರ್ವತಿಯನ್ನು ಒಪ್ಪಿಕೊಂಡರು. ಗಂಡನ ವಿಷಯದಲ್ಲಿ ಅವರ ಲೆಕ್ಕ ಸರಿಯಾಗಿತ್ತು.

ಮೊದಲ ಸಮಾರಂಭದಲ್ಲಿ ತಾಲ್ಲೂಕಿನಿಂದ ಬಂದ ಅಧಿಕಾರಿಯೊಬ್ಬರು ನನ್ನನ್ನು ವೇದಿಕೆಗೆ ಕರೆದರು. ಅಧ್ಯಕ್ಷೆಯ ಗಂಡ ವೇದಿಕೆಯ ಮೇಲಿರುವುದು, ಅಧ್ಯಕ್ಷೆ ಅವನ ಹಿಂದಿರುವುದು ಅವರು ಕಂಡ ಲೋಕರೂಢಿ. ಕೈಯಲ್ಲಿ ಶಾಲು ಹಿಡಿದು, ‘ಬನ್ನಿ ಯಜಮಾನ್ರೇ, ನಾಚ್ಕೋಬೇಡಿ’ ಎಂದರು. ಪಾರ್ವತಿ ಮೈಕಿನಲ್ಲೇ ಹೇಳಿದಳು: ‘ಅವರು ಕೂರೋದಿಲ್ಲ ಬಿಡಿ ಸಾರ್. ಮನೇಲಿ ಹಾಲು ಒಲೆ ಮೇಲಿಟ್ಟು ಬಂದಿದಾರೆ.’

ಸಭೆಯೆಲ್ಲ ನಕ್ಕಿತು. ನಿಜ ಹೇಳಬೇಕೆಂದರೆ ನಾನು ಇಟ್ಟು ಬಂದಿದ್ದೆ. ಓಡಿಹೋಗಿ ನೋಡಿದರೆ ಪಾತ್ರೆಯಲ್ಲಿ ಹಾಲಿರಲಿಲ್ಲ, ಒಲೆಯ ಮೇಲೆಲ್ಲ ಇತ್ತು. ಸಂಜೆ ಅವಳು ಕಲೆ ಉಜ್ಜುತ್ತಾ, ‘ಊರಿಗೆ ನಾನು ಸಾಕು ಮಾರಾಯ್ರೆ, ನೀವು ಹಾಲು ನೋಡ್ಕೊಳ್ಳಿ’ ಎಂದಳು. ಅಂದಿನಿಂದ ಹಾಲು ನನ್ನ ಖಾತೆ.

ಅವಳು ಅಧ್ಯಕ್ಷೆಯಾದ ಮೇಲೆ ಕ್ರಾಂತಿ ಏನೂ ಆಗಲಿಲ್ಲ. ಹಗಲು ಹೊತ್ತಿನಲ್ಲಿ ಬೀದಿದೀಪ ಉರಿಯುವುದು ನಿಲ್ಲಲಿಲ್ಲ. ‘ಇಲ್ಲಿ ಕಸ ಹಾಕಬಾರದು’ ಎಂಬ ಫಲಕ ಕಸದ ರಾಶಿಯ ನಡುವೆ ಕತ್ತು ಮಾತ್ರ ಹೊರಗೆ ಹಾಕಿಕೊಂಡು ನಿಂತೇ ಇತ್ತು. ಮಾದರಿ ಗ್ರಾಮ ನೋಡಲೆಂದು ಅಧ್ಯಯನ ಪ್ರವಾಸ ಹೊರಟ ಸದಸ್ಯರು ಸಕ್ರೆಬೈಲಿನಲ್ಲಿ ಇಳಿದು, ಆನೆಗಳಿಗೆ ಸ್ನಾನ ಮಾಡಿಸುವುದನ್ನು ಊಟದ ಹೊತ್ತಿನವರೆಗೆ ಅಧ್ಯಯನ ಮಾಡಿ ವಾಪಸಾದರು. ವರದಿಯಲ್ಲಿ ‘ಸ್ವಚ್ಛತೆಯ ಬಗ್ಗೆ ಅರಿವು ಮೂಡಿತು’ ಎಂದು ಬರೆದರು. ಅದು ಸುಳ್ಳೂ ಅಲ್ಲ.

ಅವಳು ಮಾಡಿದ ಕೆಲಸ ಈ ಕುರ್ಚಿಗಳು. ಗ್ರಾಮಸಭೆಯಲ್ಲಿ ಗಂಡಸರು ಬೆಂಚಿನ ಮೇಲೆ ಕೂರುತ್ತಿದ್ದರು, ಹೆಂಗಸರು ಕಾಂಪೌಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ನಿಂತವರಿಗೆ ಕಾಲು ನೋಯುತ್ತದೆ, ಕಾಲು ನೋಯುವವರು ಮಾತಾಡುವುದಿಲ್ಲ, ಮನೆಗೆ ಹೋಗುತ್ತಾರೆ. ‘ಇವರನ್ನ ಕೂರಿಸ್ಬೇಕು’ ಎಂದು ಪಾರ್ವತಿ ಹಟ ಹಿಡಿದು ಕೆಂಪು ಕುರ್ಚಿಗಳನ್ನು ತರಿಸಿದಳು. ಹೆಂಗಸರು ಕೂತರು. ಕೂತ ಮೇಲೆ ಏಳಲೇ ಇಲ್ಲ. ಮುಖ್ಯವಾಗಿ ನಮ್ಮ ಪಕ್ಕದ ಮನೆಯ ಹಾಲಮ್ಮ. ಎಪ್ಪತ್ತು ದಾಟಿದ ಹೆಂಗಸು, ಅವಳ ಅಪ್ಪ ಚಾವಡಿಯಾಚೆ ಬಿಸಿಲಿನಲ್ಲಿ ನಿಂತವರ ಪೈಕಿ. ಮೊದಲ ದಿನ ಕುರ್ಚಿಯಲ್ಲಿ ಕೂತು, ಕೈ ಎರಡನ್ನೂ ಅದರ ತೋಳಿನ ಮೇಲಿಟ್ಟು, ‘ಹ್ಞಾಂ, ಈಗ ಹೇಳಿ, ನಳದಾಗೆ ನೀರ್ಯಾಕೆ ಬರ್ತಿಲ್ಲ?’ ಎಂದು ಕೇಳಿದಳು. ಪಿಡಿಒ ಸಾಹೇಬರಿಗೆ ಆವತ್ತಿನಿಂದ ಬಿಪಿ ಮಾತ್ರೆ ಶುರುವಾಯಿತು ಎನ್ನುತ್ತಾರೆ.

ಸಾವಿನ ಮನೆಯ ನಿಯಮಕ್ಕೆ ಬೇರೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ನನ್ನ ತಾಯಿ ತೀರಿಕೊಂಡಾಗ ಭದ್ರಾವತಿಯ ಒಂದು ಶಾಮಿಯಾನದ ಅಂಗಡಿಯಿಂದ ಕುರ್ಚಿ ತರಿಸಿದ್ದೆವು. ಮಣ್ಣು ಮಾಡಿ ಬಂದು ಕಾಲು ತೊಳೆಯುವಷ್ಟರಲ್ಲಿ ಅಂಗಡಿಯವನು ಬಂದು ಗೇಟಿನಲ್ಲಿ ನಿಂತಿದ್ದ. ಸಂಜೆ ಅವನಿಗೆ ಬೇರೆ ಕಡೆ ನಾಮಕರಣವಿತ್ತಂತೆ. ‘ಸ್ವಲ್ಪ ಎದ್ದೇಳಿ ಅಣ್ಣ, ಸ್ವಲ್ಪ ಎದ್ದೇಳಿ’ ಎನ್ನುತ್ತಾ ಎಣಿಸತೊಡಗಿದ. ನಮ್ಮ ಸೋದರಮಾವ ಅಕ್ಕನನ್ನು ಕಳೆದುಕೊಂಡು ಅಳುತ್ತಿದ್ದರು. ಅಳುತ್ತಲೇ ಎದ್ದುನಿಂತು, ಕುರ್ಚಿಯನ್ನು ಅವನಿಗೆ ಕೊಟ್ಟು, ನಿಂತೇ ಅಳು ಮುಂದುವರಿಸಿದರು. ಪಾರ್ವತಿ ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದಳು. ಆಗ ಏನೂ ಹೇಳಲಿಲ್ಲ.

ಅಧ್ಯಕ್ಷೆಯಾದ ಮೇಲೆ ಒಂದು ಸಭೆಯಲ್ಲಿ ಹೇಳಿದಳು. ಊರಲ್ಲಿ ಯಾರೇ ಸತ್ತರೂ, ಯಾವ ಕೇರಿಯಾದರೂ, ಮನೆಯವರು ಕೇಳುವ ಮೊದಲೇ ಪಂಚಾಯಿತಿ ಕುರ್ಚಿಗಳು ಅಲ್ಲಿಗೆ ಹೋಗಬೇಕು. ವಾಪಸು ಕೊಡಿ ಎಂದು ಯಾರೂ ಕೇಳಬಾರದು. ಮನೆಯವರು ಹೊತ್ತು ತರಲೂಬಾರದು. ಅವರಿಗೆ ಯಾವಾಗ ಸಾಕೆನಿಸುತ್ತದೋ ಆಗ ಗೇಟಿನ ಹೊರಗೆ ಇಡುತ್ತಾರೆ. ವಾಟರ್‌ಮ್ಯಾನ್ ರಂಗಪ್ಪ ಬಂದು, ಮನೆಯೊಳಗೆ ಇಣುಕದೆ, ಸುಮ್ಮನೆ ತೆಗೆದುಕೊಂಡು ಬರಬೇಕು.

ಪಿಡಿಒ ಸಾಹೇಬರು ಪೆನ್ನು ಕಚ್ಚಿದರು. ಅವರು ಶಿವಮೊಗ್ಗದ ವಿದ್ಯಾನಗರದಿಂದ ದಿನಾ ಬೈಕಿನಲ್ಲಿ ಬರುವವರು, ಒಳ್ಳೆಯವರು, ಆದರೆ ಶೀರ್ಷಿಕೆಯಿಲ್ಲದೆ ಅವರಿಗೆ ಏನೂ ಅರ್ಥವಾಗುವುದಿಲ್ಲ. ‘ಮೇಡಂ, ಇದನ್ನ ಯಾವ ಹೆಡ್ಡಿಂಗ್‌ನಲ್ಲಿ ಬರೀಲಿ? ಕುಡಿಯೋ ನೀರು, ರಸ್ತೆ, ನೈರ್ಮಲ್ಯ ಇದಾವೆ. ಸಾವು ಅನ್ನೋ ಹೆಡ್ಡಿಂಗ್ ಇಲ್ಲ.’

‘ಇತರೆ ವಿಷಯಗಳು ಅಂತ ಕೊನೇಲಿರುತ್ತಲ್ಲ ಸಾರ್, ಅದರಲ್ಲಿ ಬರೀರಿ. ಸಾವು ಎಲ್ಲದಕ್ಕಿಂತ ಕೊನೇಗೇ ಬರೋದು.’

ಹಾಗೆ ಬರೆದುಕೊಂಡರು. ಉಪ್ಪಿಟ್ಟಿನ ವಾಸನೆ ಬಂದಿದ್ದರಿಂದ ಯಾರೂ ವಿರೋಧಿಸಲಿಲ್ಲ. ನಮ್ಮೂರಿನ ಒಳ್ಳೆಯ ನಿರ್ಣಯಗಳೆಲ್ಲ ಉಪ್ಪಿಟ್ಟು ತಯಾರಾದ ಹೊತ್ತಿನಲ್ಲೇ ಪಾಸಾಗಿವೆ.

ಹೋದ ಶ್ರಾವಣದಲ್ಲಿ ಪಾರ್ವತಿಗೆ ಜ್ವರ ಬಂತು. ಸಾಧಾರಣ ಜ್ವರವೆಂದುಕೊಂಡೆವು. ಅದರ ಬಗ್ಗೆ ಹೆಚ್ಚು ಬರೆಯಲು ನನಗಾಗುವುದಿಲ್ಲ. ಶಿವಮೊಗ್ಗದ ಆಸ್ಪತ್ರೆಯಿಂದ ಅವಳನ್ನು ಮನೆಗೆ ತಂದಾಗ, ಅಂಗಳದ ತುಂಬ ಕೆಂಪು ಕುರ್ಚಿಗಳು ಆಗಲೇ ಸಾಲಾಗಿ ಬಂದು ಕೂತಿದ್ದವು. ಯಾರೂ ಕೇಳಿರಲಿಲ್ಲ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನೇ ಕುರ್ಚಿಗಳನ್ನು ಗೇಟಿನಾಚೆ ಒಂದರ ಮೇಲೊಂದು ಜೋಡಿಸಿದೆ. ರಂಗಪ್ಪ ಬಂದು ಒಯ್ದ. ಕುಂಟು ಕುರ್ಚಿ ಮಾತ್ರ ಹಿತ್ತಲಲ್ಲಿತ್ತು. ಮರೆತಿರಲಿಲ್ಲ. ಅದರಲ್ಲಿ ಕೂತರೆ ಅಡುಗೆಮನೆಯ ಬಾಗಿಲು ನೇರ ಕಾಣುತ್ತದೆ. ನಾಳೆ ಇಡೋಣ ಎಂದುಕೊಂಡೆ. ನಮ್ಮ ಪಂಚಾಯಿತಿಯವರಂತೆ ನಾನೂ ವಿಷಯವನ್ನು ಮುಂದೂಡಿದೆ.

ಕುಂಸಿಗೆ ಮದುವೆ ಮಾಡಿಕೊಟ್ಟ ಮಗಳು ದಿನಾ ಸಂಜೆ ಫೋನು ಮಾಡುತ್ತಾಳೆ. ‘ಕುರ್ಚಿ ಹೋಯ್ತಾ ಅಪ್ಪಾಜಿ?’ ಎಂದು ಕೇಳುತ್ತಾಳೆ. ‘ಒಂದು ಐತೆ’ ಎನ್ನುತ್ತೇನೆ. ಅವಳು ಮಾತು ತಿರುಗಿಸಿ, ಊಟಕ್ಕೇನು ಎಂದು ಕೇಳುತ್ತಾಳೆ.

ಗೌರಿ ಹಬ್ಬ ಹೋಯಿತು, ದಸರಾ ಹೋಯಿತು. ಕುರ್ಚಿ ಹೋಗಲಿಲ್ಲ. ಆಗ ಊರಿನಲ್ಲಿ ಒಂದು ಸಂಕಟ ಹುಟ್ಟಿತು. ಪಂಚಾಯಿತಿಯಲ್ಲಿ ಒಂದು ಕುರ್ಚಿ ಕಡಿಮೆ, ಅದು ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು, ಆದರೆ ಕೇಳುವಂತಿಲ್ಲ. ಪಾರ್ವತಿಯ ನಂತರ ಅಧಿಕಾರ ವಹಿಸಿಕೊಂಡ ಉಪಾಧ್ಯಕ್ಷ ಬಸವರಾಜಪ್ಪ ಮನೆಗೆ ಬರತೊಡಗಿದ. ಬಂದು ನೇರ ಹಿತ್ತಲಿಗೆ ಹೋಗಿ ಆ ಕುರ್ಚಿಯ ಮೇಲೆಯೇ ಕೂರುತ್ತಿದ್ದ. ಟಕ್.

‘ಮಳೆ ಹೋಯ್ತಲ್ಲ ಅಣ್ಣ.’

‘ಹೋಯ್ತು.’

‘ಎಲ್ಲಾ ಒಂದಲ್ಲ ಒಂದು ದಿನ ಹೋಗ್ಲೇಬೇಕು ಬಿಡಿ.’

‘ಹೌದು.’

‘ಇಟ್ಕೊಂಡು ಏನ್ ಮಾಡೋಕಾಗುತ್ತೆ?’ ಎಂದು, ತಾನು ಹೆಚ್ಚು ಹತ್ತಿರ ಬಂದೆನೆಂದು ಹೆದರಿ, ‘ಮಳೇನ’ ಎಂದು ಸೇರಿಸುತ್ತಿದ್ದ. ಎದ್ದು ಹೋಗುವಾಗ ಕುರ್ಚಿಯ ಬೆನ್ನಿನ ಮೇಲಿನ ‘ಗ್ರಾ.ಪಂ.’ ಎಂಬ ಅಕ್ಷರವನ್ನು ಟವೆಲಿನಿಂದ ಒರೆಸಿ, ನನ್ನ ಮುಖ ನೋಡಿ ಹೊರಡುತ್ತಿದ್ದ. ನಾನು ಪೆದ್ದನಂತೆ ಕಾಫಿ ಕುಡಿದು ಹೋಗು ಎನ್ನುತ್ತಿದ್ದೆ. ಪೆದ್ದನಾಗಿರುವುದರಲ್ಲಿ ಇಷ್ಟು ಅನುಕೂಲವಿದೆಯೆಂದು ನನಗೆ ಮೊದಲೇ ತಿಳಿದಿದ್ದರೆ ಕಾರ್ಖಾನೆಯಲ್ಲಿ ಪ್ರಮೋಷನ್ ಸಿಗುತ್ತಿತ್ತು.

ಒಂದು ಬೆಳಿಗ್ಗೆ ಕಸದ ಗಾಡಿ ಬಂತು. ಕಸದ ಬಗೆಗಿನ ಹಾಡನ್ನು ನಡುವೆ ನಿಲ್ಲಿಸಿ ಮೈಕು ಕೂಗಿತು: ‘ಗ್ರಾಮಸಭೆ ಇರುತ್ತದೆ. ವಿಷಯ, ಸಾವಿನ ಮನೆ ಕುರ್ಚಿಗಳ ಉಚಿತ ವಿತರಣಾ ನಿಯಮ ರದ್ದುಪಡಿಸಿ ಹೊಸ ನಿಯಮ ಜಾರಿ ಮಾಡುವುದು. ಎಲ್ಲರೂ ಬನ್ನಿ, ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಿ.’

ನಾನು ಕಸದ ಬುಟ್ಟಿ ಹಿಡಿದು ಗೇಟಿನಲ್ಲೇ ನಿಂತುಬಿಟ್ಟೆ. ಹಾಲಮ್ಮ ತನ್ನ ಬುಟ್ಟಿ ಸುರಿದು ಬಂದಳು.

‘ಕೇಳಿಸ್ತಾ?’ ಎಂದಳು. ‘ಇನ್ಮೇಲೆ ಅರ್ಜಿ ಕೊಡ್ಬೇಕಂತೆ. ಸತ್ತೋರ ಆಧಾರ್ ಕಾರ್ಡು ಜೆರಾಕ್ಸು, ಎರಡು ಫೋಟೋ, ಮನೆ ಕಂದಾಯ ಕಟ್ಟಿದ ರಸೀದಿ. ಮೂರು ದಿನ ಮೊದ್ಲೇ ಕೊಡ್ಬೇಕಂತೆ ಮಾರಾಯ.’

‘ಮೂರು ದಿನ ಮೊದಲು ಅಂದ್ರೆ?’

‘ಸಾಯಕ್ಕಿಂತ ಮೊದ್ಲು. ನಾನು ಇವತ್ತೇ ಕೊಟ್ಟುಬಿಡ್ತೀನಿ. ಫೋಟೋದಾಗೆ ನಗಬೇಕೋ ಬ್ಯಾಡ್ವೋ ಕೇಳ್ಕೊಂಬರ್ತೀನಿ.’

ನನಗೆ ನಗು ಬರಲಿಲ್ಲ. ‘ಯಾಕಂತೆ?’ ಎಂದೆ.

ಹಾಲಮ್ಮ ನನ್ನನ್ನು ನೋಡಿದಳು. ಅವಳು ಏನು ಬೇಕಾದರೂ ಹೇಳುವವಳು, ಪಿಡಿಒ ಸಾಹೇಬರಿಗೇ ಹೇಳುವವಳು. ಆದರೆ ಪಾರ್ವತಿಯ ನಿಯಮಕ್ಕೆ ಅವಳೂ ಬದ್ಧಳು. ‘ಒಂದು ಕಮ್ಮಿ ಬಂದದಂತೆ. ಆಡಿಟ್ ಅಂತೆ. ಎಲ್ಲೈತೋ ಏನೋ, ನಂಗೇನ್ ಗೊತ್ತು’ ಎಂದು, ಹಿತ್ತಲ ಕಡೆ ಕಣ್ಣು ಕೂಡ ಹಾಯಿಸದೆ ಹೋದಳು.

ಆ ದಿನ ನಾನು ಕುರ್ಚಿಯಲ್ಲಿ ಕೂರಲಿಲ್ಲ, ಅದರ ಎದುರಿಗೆ ನೆಲದ ಮೇಲೆ ಕೂತೆ. ನಾನು ಇದನ್ನು ಇಟ್ಟುಕೊಂಡರೆ ಅವಳು ಮಾಡಿದ್ದು ಹೋಗುತ್ತದೆ. ಅವಳು ಮಾಡಿದ್ದು ಉಳಿಯಬೇಕಾದರೆ ಇದು ಹೋಗಬೇಕು. ಇಷ್ಟು ಸರಳವಾದದ್ದು ನನಗೆ ತಿಳಿಯಲು ಕಸದ ಗಾಡಿಯೇ ಬರಬೇಕಾಯಿತು. ನಾಳೆ ನನ್ನ ಹಾಗೆ ಯಾರೋ ಒಬ್ಬರು ಆಸ್ಪತ್ರೆಯಿಂದ ವ್ಯಾನಿನಲ್ಲಿ ಬಂದು ಇಳಿದಾಗ, ಅಂಗಳ ಖಾಲಿಯಿರುತ್ತದೆ. ಕೈಯಲ್ಲಿ ಜೆರಾಕ್ಸ್ ಹಿಡಿದು ಓಡಬೇಕಾಗುತ್ತದೆ.

ಸಭೆಯ ದಿನ ಬೆಳಿಗ್ಗೆ ಕುರ್ಚಿಯನ್ನು ತೊಳೆದೆ. ಗೇಟಿನ ಹೊರಗೆ ನೀರು ಚಿಮುಕಿಸಿದ ಮಣ್ಣಿನ ಮೇಲೆ ಇಟ್ಟೆ. ಒಂದು ಸಲ ಒಳಗೆ ಬಂದು, ಮತ್ತೆ ಹೋಗಿ ಅದರ ಮುಖ ರಸ್ತೆಯ ಕಡೆ ತಿರುಗಿಸಿದೆ. ಆಮೇಲೆ ಬೇಗ ಬೇಗ ಪಂಚಾಯಿತಿ ಕಡೆ ನಡೆದೆ.

ಸಭೆ ಆಗಲೇ ತುಂಬಿತ್ತು. ಕೂರಲು ಜಾಗವಿರಲಿಲ್ಲ, ಹೇಗಿದ್ದರೂ ಒಂದು ಕುರ್ಚಿ ಕಡಿಮೆಯಲ್ಲವೇ? ಹಿಂದೆ, ಹೆಂಗಸರು ಮೊದಲು ನಿಲ್ಲುತ್ತಿದ್ದ ಕಾಂಪೌಂಡು ಗೋಡೆಯ ಬಳಿ ನಿಂತೆ. ಬಾಗಿಲ ಬಳಿ ನಿಂತಿದ್ದ ರಂಗಪ್ಪನಿಗೆ ನಾನು ಬಂದದ್ದು ಕಂಡಿತು. ಸ್ವಲ್ಪ ಹೊತ್ತಿನಲ್ಲಿ ಅವನು ಅಲ್ಲಿರಲಿಲ್ಲ. ನಳ ಬಿಡಲು ಹೋಗಿರಬೇಕು ಎಂದುಕೊಂಡೆ.

ಪಿಡಿಒ ಸಾಹೇಬರು ಹೊಸ ನಿಯಮ ಓದಿದರು. ‘ಅರ್ಜಿಯನ್ನು ಮೂರು ದಿನ ಮುಂಚಿತವಾಗಿ ಸಲ್ಲಿಸತಕ್ಕದ್ದು’ ಎಂಬಲ್ಲಿಗೆ ಬಂದಾಗ ಹಾಲಮ್ಮ ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದಳು.

‘ಸಾಹೇಬ್ರೇ, ಯಾವತ್ತು ಸಾಯೋದು ಅಂತ ಡೇಟು ನೀವೇ ಕೊಡ್ತೀರಾ, ಇಲ್ಲ ತಾಲ್ಲೂಕಿಂದ ಬರುತ್ತಾ?’

‘ಅಜ್ಜಿ, ಅದು ಮದುವೆ ಮಂಟಪದ ಫಾರಂ. ಸ್ವಲ್ಪ ಬದಲಾಯಿಸಿದೀವಿ.’

‘ಏನು ಬದಲಾಯಿಸಿದ್ರಿ?’

‘ವಧೂವರರ ಹೆಸರು ಅಂತ ಇದ್ದಿದ್ದನ್ನ ತೆಗೆದಿದೀವಿ.’

ಸಭೆ ನಗತೊಡಗಿತು. ಬಸವರಾಜಪ್ಪ ಎದ್ದು ಕೈಯೆತ್ತಿದ. ‘ನಗಬ್ಯಾಡ್ರಪ್ಪ. ನಂಗೇನು ಆಸೇನಾ? ಪಾರ್ವತಕ್ಕ ಮಾಡಿದ್ ನಿಯಮ, ನಂಗೂ ಗೌರವ ಐತೆ. ಆದ್ರೆ ಒಂದು ಕುರ್ಚಿ ಎಲ್ಲೋ ಉಳ್ಕೊಂಡೈತೆ. ಎಲ್ಲಿ ಅಂತ ಹೇಳಂಗಿಲ್ಲ, ಯಾರನ್ನೂ ಕೇಳಂಗಿಲ್ಲ. ಆಡಿಟ್‌ನೋರಿಗೆ ನಾನೇನ್ ಹೇಳ್ಲಿ? ಕುರ್ಚಿ ದುಃಖದಾಗೈತೆ ಅಂತ ಹೇಳ್ಲಾ?’

ಜನರೆಲ್ಲ ಒಮ್ಮೆಲೇ ಬೇರೆ ಬೇರೆ ಕಡೆ ನೋಡಿದರು. ಕೆಲವರು ಸೂರು ನೋಡಿದರು. ಹಾಗೆ ಅಷ್ಟು ಜನ ಸೇರಿ ಒಬ್ಬನನ್ನು ನೋಡದೇ ಇರುವುದನ್ನು ನಾನು ಎಲ್ಲೂ ಕಂಡಿಲ್ಲ. ಸಭೆಯಲ್ಲಿ ನಾನು ಎಂದೂ ಮಾತಾಡಿದವನಲ್ಲ.

‘ನಮ್ಮನೇಲಿತ್ತು’ ಎಂದೆ. ‘ಬೆಳಿಗ್ಗೆ ಗೇಟಿನ ಹೊರಗೆ ಇಟ್ಟು ಬಂದೀನಿ.’

ಬಸವರಾಜಪ್ಪನ ಮುಖ ಕೆಂಪಾಯಿತು. ‘ಛೆ ಛೆ! ಅಣ್ಣ, ನಿಮ್ಮನ್ನ ಯಾರು ಕೇಳಿದ್ರು?’

‘ಯಾರೂ ಕೇಳಲಿಲ್ಲ. ಇಷ್ಟು ದಿನ ಇಟ್ಕೊಂಡಿದ್ರೂ ಯಾರೂ ಕೇಳಲಿಲ್ಲ. ಅದಕ್ಕೇ ಹೊರಗೆ ಇಡೋಕಾಯ್ತು.’

ಇನ್ನೂ ಏನೋ ಹೇಳಬೇಕೆಂದಿದ್ದೆ. ಸೋದರಮಾವ ನಿಂತು ಅತ್ತದ್ದನ್ನು ಹೇಳಬೇಕೆಂದಿದ್ದೆ. ಅದಕ್ಕೆ ಮೊದಲೇ ಹಾಲಮ್ಮ ಬಸವರಾಜಪ್ಪನ ಕಡೆ ತಿರುಗಿ, ‘ಬಂತಲ್ಲಪ್ಪ ಕುರ್ಚಿ. ಅರ್ಜಿ ಇಲ್ದೆ ಹೋತು, ಅರ್ಜಿ ಇಲ್ದೆ ಬಂತು. ಇನ್ನೇನ್ ಬೇಕು ನಿಂಗೆ?’ ಎಂದಳು.

ಬಸವರಾಜಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಪಿಡಿಒ ಸಾಹೇಬರ ಕಿವಿಯಲ್ಲಿ ಏನೋ ಹೇಳಿದ. ಅವರು ಬರೆದುಕೊಂಡು ಓದಿದರು: ‘ಸದರಿ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ.’

ಸಭೆಯಲ್ಲಿದ್ದವರಿಗೆಲ್ಲ ಅದರ ಅರ್ಥ ತಿಳಿಯಿತು. ಮೇಲಿನ ಕೇರಿಯ ಚರಂಡಿ ಹೋದ ದಾರಿಯಲ್ಲೇ ಹೊಸ ನಿಯಮವೂ ಹೋಯಿತು. ಆ ಚರಂಡಿಯ ಬಗ್ಗೆ ನನಗೆ ಮೊದಲ ಬಾರಿಗೆ ಪ್ರೀತಿ ಬಂತು.

ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಮೊಣಕಾಲಿನ ಹಿಂಭಾಗಕ್ಕೆ ಒಂದು ಕುರ್ಚಿ ತಾಗಿಸಿದರು. ನೋಡದೆಯೇ ಕೂತೆ. ಅದು ಒಮ್ಮೆ ಹಿಂದಕ್ಕೆ ವಾಲಿ, ಟಕ್ ಎಂದಿತು. ತಿರುಗಿ ನೋಡಿದರೆ ರಂಗಪ್ಪ ಏದುಸಿರು ಬಿಡುತ್ತಾ, ನನ್ನ ಕಡೆ ನೋಡದೆ, ನಿಯಮದ ಪ್ರಕಾರ ಗೋಡೆಯನ್ನು ನೋಡುತ್ತಾ ನಿಂತಿದ್ದ.

ಬೀದಿದೀಪದ ಚರ್ಚೆ, ನಾಯಿ ಕಾಟದ ಚರ್ಚೆ ಎಲ್ಲ ಮುಗಿಯುವವರೆಗೆ ಕೂತೆ. ಏನು ತೀರ್ಮಾನವಾಯಿತೋ ಕೇಳಿಸಲಿಲ್ಲ. ಉಪ್ಪಿಟ್ಟು ಬಂತು. ಎಲ್ಲರೂ ಎದ್ದರು, ನಾನೂ ಎದ್ದೆ. ರಂಗಪ್ಪ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ. ಕುಂಟು ಕುರ್ಚಿಯ ಮೇಲೆ ಇನ್ನೊಂದು ಕೂತಿತು, ಅದರ ಮೇಲೆ ಮತ್ತೊಂದು. ಆಮೇಲೆ ಯಾವುದು ಯಾವುದೆಂದು ತಿಳಿಯಲಿಲ್ಲ.

ಮನೆಗೆ ಬಂದಾಗ ಗೇಟಿನೆದುರಿನ ಹಸಿ ಮಣ್ಣಿನಲ್ಲಿ ಕುರ್ಚಿಯ ಕಾಲಿನ ಗುರುತು ಇತ್ತು. ಮೂರು ಆಳವಾಗಿ, ಒಂದು ಮಸುಕಾಗಿ. ತುಳಿಯದೆ ಪಕ್ಕದಿಂದ ಒಳಗೆ ಹೋದೆ.

ಸಂಜೆ ಮಗಳ ಫೋನು ಬಂತು.

‘ಕುರ್ಚಿ ಹೋಯ್ತಾ ಅಪ್ಪಾಜಿ?’

‘ಹೋಯ್ತು ಕಣಮ್ಮ.’

ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಹಾಲು ಒಲೆಯ ಮೇಲಿತ್ತು. ಕೂರಲು ಏನೂ ಇರಲಿಲ್ಲವಾದ್ದರಿಂದ, ಫೋನನ್ನು ಕಿವಿಗೆ ಹಿಡಿದು, ಹಾಲು ಪಾತ್ರೆಯ ಅಂಚಿಗೆ ಬರುವವರೆಗೂ ನಿಂತೇ ನೋಡಿಕೊಂಡೆ.